ಮೀಸೆ ಬರೆದ ಬಾಣಂತಿ

ಲಿಂಬಾಜಿ ಆಟ ಬರೆಯುತ್ತಿದ್ದ. ಹಗಲು ಗಿರಣಿಯಲ್ಲಿ ನೂಲು, ಸಂಜೆ ಆಟ. ಬರೆದದ್ದರಲ್ಲಿ ಕೆಲವು ಅಚ್ಚಾದವು, ಕೆಲವನ್ನು ಇಲಿ ತಿಂದವು. ವಯಸ್ಸಾದ ಮೇಲೆ ಊರ ಕಾಲೇಜಿನವರು ಹುಡುಕಿಕೊಂಡು ಬಂದರು. ಇದು ಸೆರೆಮನೆಯ ಸಾಹಿತ್ಯ ಅಂದರು, ಬಂಡಾಯ ಅಂದರು. ಅವನು ತಲೆ ಆಡಿಸಿ ಚಹಾ ಕೊಟ್ಟ. ಅವರು ಹೋದ ಮೇಲೆ ಹೆಂಡತಿಯನ್ನು ಕೇಳಿದ.

"ಝುಂಬರ, ನಾವು ಜೈಲಿನ್ಯಾಗ ಇದ್ವೇನು?"

"ಜೈಲಿಗೆ ಹೋಗಬೇಕಂದ್ರ ಏನರ ಮಾಡಿರಬೇಕು," ಅಂದಳು ಝುಂಬರ. "ನಾವು ಬರೇ ಹುಟ್ಟಿದ್ವಿ."

ಅವನು ಅದನ್ನೂ ಬರೆದುಕೊಂಡ.

ಈಗ ಅವನಿಲ್ಲ. ಹೋದ ಮಾಘದಲ್ಲಿ ಎದೆ ನೋವು ಅಂದ, ಕಟ್ಟೆಗೆ ಕೂತ, ಹೋದ. ಅವನ ಆಟದ ಖಾಕಿ ಕೋಟು ಗೂಟದಲ್ಲೇ ಇದೆ. ಅವನ ಆಟಗಳ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ. ಒಂದು ಆಟದಲ್ಲಿ ಮಾತ್ರ ಅವನು ಬರೆಯದೆ ಇದ್ದದ್ದು ನಡೆಯಿತು. ಅದು ಝುಂಬರಳ ಕಥೆ. ಅದನ್ನು ಅವನು ಎಲ್ಲರಿಗೂ ಬಾಯಲ್ಲಿ ಹೇಳಿದ, ಹಾಳೆಯ ಮೇಲೆ ಇಡಲಿಲ್ಲ. "ಅದು ನಿಂದು," ಅನ್ನುತ್ತಿದ್ದ.

ಝುಂಬರ ಹುಟ್ಟಿದ್ದು ತಂತಿಯ ಒಳಗೆ. ಸೊಲ್ಲಾಪುರದ ಅಂಚಿಗೆ ಮುಳ್ಳುತಂತಿಯ ಬೇಲಿ, ಬೇಲಿಯ ಒಳಗೆ ಸಾಲುಮನೆಗಳು. ಸೆಟ್ಲಮೆಂಟು ಅನ್ನುತ್ತಿದ್ದರು. ಅವಳ ಜನ ಸವೆದ ಬೀಸೋಕಲ್ಲಿಗೆ ಮುಳ್ಳು ಹೊಡೆಯುವವರು. ಉಳಿ ಸುತ್ತಿಗೆ ಹೆಗಲಿಗೆ ಹಾಕಿ ಊರೂರು ತಿರುಗುತ್ತಿದ್ದರು. ತಿರುಗುವವನಿಗೆ ಮನೆ ಇಲ್ಲ, ಮನೆ ಇಲ್ಲದವನು ಕಳ್ಳ. ಇಂಗ್ಲಿಷರ ಸರಕಾರ ಹಾಗೆ ಲೆಕ್ಕ ಹಾಕಿ ಹೆಸರು ಬರೆದುಕೊಂಡು ಎಲ್ಲರನ್ನೂ ಒಳಗೆ ಹಾಕಿತು. ಒಳಗೆ ಮಕ್ಕಳಾದವು, ಆ ಮಕ್ಕಳೂ ಕಳ್ಳರೇ. ಗಿರಣಿಗೆ ಹೋಗಲು ಪಾಸು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಯಲಿನಲ್ಲಿ ಹಾಜರಿ. ಹವಾಲ್ದಾರ ಹೆಸರು ಕೂಗಿದರೆ ಎದ್ದು ನಿಂತು "ಹಾಜರ" ಅನ್ನಬೇಕು. ಅನ್ನದವನಿಗೆ ಕತ್ತಲೆ ಕೋಣೆ.

ತಂತಿ ಕಡಿದ ದಿನ ಝುಂಬರ ಚಿಕ್ಕವಳು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಲೇ ಕೆಲವು ವರ್ಷವಾಗಿತ್ತು, ಇವರಿಗೆ ಆಮೇಲೆ ಬಂತು. ಜನ ಹಲಗಿ ಬಡಿದುಕೊಂಡು ಹೊರಗೆ ಹೋದರು. ಸಂಜೆಗೆ ಎಲ್ಲರೂ ತಿರುಗಿ ಬಂದು ಬಯಲಿನಲ್ಲಿ ಸಾಲು ಹಿಡಿದು ನಿಂತರು. ಹೆಸರು ಕೂಗಲು ಯಾರೂ ಬರಲಿಲ್ಲ. ಕತ್ತಲಾಗುವವರೆಗೂ ನಿಂತಿದ್ದರು. ಆಮೇಲೆ ಯಾರೋ ಒಬ್ಬರು ನಕ್ಕರು, ಆಗ ಮನೆಗೆ ಹೋದರು.

ಹೋಗುವುದು ಎಲ್ಲಿಗೆ, ಆ ಸಾಲುಮನೆಗಳಲ್ಲೇ ಉಳಿದರು. ಕೆಲಸ ಗಿರಣಿಯಲ್ಲೇ. ಸರಕಾರ ಎದ್ದು ಹೋದ ಜಾಗದಲ್ಲಿ ಜಾತಿಯ ಪಂಚರು ಕೂತರು. ಪಂಚರ ಮುಖ್ಯಸ್ಥ ಹರಬಾ ನಾಯ್ಕ. ತಲೆಗೆ ಬಿಳಿ ಪಟಕಾ, ಕಿವಿಯಲ್ಲಿ ಬಂಗಾರದ ಕಡಕು. ಕೆಟ್ಟವನಲ್ಲ. ಆದರೆ ಅವನ ಮಾತಿಗೆ ಮುಂದೆ ಮಾತಿಲ್ಲ.

ಇವರಲ್ಲಿ ಒಂದು ಕಟ್ಟಳೆ ಉಂಟು. ಬಣ್ಣ ಹಚ್ಚಿದವನಿಗೆ ಜಾತಿ ಇಲ್ಲ. ಶಿಮಗಿಯ ದಿನಗಳಲ್ಲಿ, ಹೋಳಿ ಹುಣ್ಣಿಮೆಗೆ, ಆಟ ಕಟ್ಟುತ್ತಾರೆ. ಮುಖಕ್ಕೆ ಮಸಿ ಹಚ್ಚಿ, ಮೀಸೆ ಬರೆದು ನಿಂತವನು ಯಾರನ್ನು ಏನು ಅಂದರೂ ದಂಡವಿಲ್ಲ. ನಾಯ್ಕನ ಮುಖಕ್ಕೇ ಬೈದರೂ ನಾಯ್ಕ ನಗಬೇಕು. ಬಣ್ಣದವನ ಜೊತೆ ಮಾತಾಡಿದವನಿಗೂ ದಂಡವಿಲ್ಲ. ಅದು ಮನುಷ್ಯನ ಮಾತಲ್ಲ, ಆಟದ ಮಾತು. ತಂತಿಯ ಕಾಲದಲ್ಲಿ ಜನ ಬದುಕಿದ್ದೇ ಈ ಕಟ್ಟಳೆಯಿಂದ ಅನ್ನಬೇಕು. ವರ್ಷಕ್ಕೊಮ್ಮೆ ಹವಾಲ್ದಾರನನ್ನು ಅವನ ಎದುರಿಗೇ ಬೈದು, ಮುಂದಿನ ಶಿಮಗಿಯವರೆಗೆ ಸುಮ್ಮನಿರುತ್ತಿದ್ದರು.

ಲಿಂಬಾಜಿಗೆ ಇದು ಗೊತ್ತಿಲ್ಲದ್ದೇನಲ್ಲ. ಅಲ್ಲೇ ಹುಟ್ಟಿದವನು. ಆದರೂ ತಪ್ಪಿದ. ಮದುವೆಯಾದ ಹೊಸದರಲ್ಲಿ ಒಂದು ಆಟ ಬರೆದ. ಆಟದಲ್ಲಿ ತಂತಿ ಕಡಿಯುತ್ತಾರೆ, ದೊಡ್ಡ ಹೊಟ್ಟೆಯ ಹವಾಲ್ದಾರನಿಗೆ ಕೆಲಸ ಹೋಗುತ್ತದೆ, ಅವನು ಕೈದಿಗಳ ಮುಂದೆ ಕೂತು ಅಳುತ್ತಾನೆ. ಆಗ ನಾಯ್ಕ ಬಂದು ಕಣ್ಣೊರೆಸುತ್ತಾನೆ. "ಅಳಬ್ಯಾಡೋ, ಬಾ ನಮ್ಮ ಪಂಚರಾಗ ಕುಂದ್ರು. ಕೆಲಸಾ ಅದ. ಡ್ರೆಸ್ ಒಂದ ಬ್ಯಾರೆ." ಬರೆದ ಸಂತೋಷ ತಡೆಯಲಿಲ್ಲ. ಶಿಮಗಿ ದೂರವಿತ್ತು. ಚಹಾದಂಗಡಿಯಲ್ಲಿ ಕೂತು ಗೆಳೆಯರಿಗೆ ಓದಿ ಹೇಳಿದ. ಮಸಿ ಇಲ್ಲದ ಬೋಳು ಮುಖದಲ್ಲಿ.

ಪಂಚರು ಕೂತರು. ಲಿಂಬಾಜಿ ಕೈಮುಗಿದು ನಿಂತ.

"ಆಟದ ಮಾತು, ನಾಯ್ಕ ಮಾಮಾ," ಅಂದ.

"ಮಸಿ ಎಲ್ಲಿತ್ತು?" ಅಂದ ನಾಯ್ಕ.

ಲಿಂಬಾಜಿ ಬೋಳು ಕೆನ್ನೆ ಸವರಿಕೊಂಡ.

ಬೆಂಕಿ ಬಂದ್, ನೀರು ಬಂದ್ ಅಂದರು. ಲಿಂಬಾಜಿಯ ಮನೆಯವರ ಜೊತೆ ಜಾತಿಯವರು ಮಾತಾಡಬಾರದು. ಅವರ ಮನೆಯ ನೀರು ಕುಡಿಯಬಾರದು, ಅವರ ಕೈಯ ಕೂಳು ತಿನ್ನಬಾರದು. ಒಳಗೆ ಬರಬೇಕಾದರೆ ಅವನು ಚಪ್ಪಲಿ ತಲೆ ಮೇಲೆ ಹೊತ್ತು ಎಲ್ಲ ಸಾಲು ಸುತ್ತಿ ಬಂದು, ಪಂಚರ ಮುಂದೆ ಆಟವನ್ನು ಸುಡಬೇಕು.

ಅವನು ಸುಡಲಿಲ್ಲ.

ಮೊದಮೊದಲು ಝುಂಬರಳಿಗೆ ಅಷ್ಟೇನು ಅನ್ನಿಸಲಿಲ್ಲ. ಬಹಿಷ್ಕಾರದಲ್ಲಿ ಒಂದು ಸುಖವೂ ಇತ್ತು. ಮುನಸಿಪಾಲಟಿ ನಲ್ಲಿಗೆ ಅವಳು ಕೊಡ ಹಿಡಿದು ಬಂದರೆ ಹೆಂಗಸರೆಲ್ಲ ಸರಿದು ನಿಲ್ಲುತ್ತಿದ್ದರು. ಪಾಳಿ ಇಲ್ಲ, ಜಗಳ ಇಲ್ಲ. ತುಂಬಿಕೊಂಡು ಬರುವಳು. ಲಿಂಬಾಜಿಗೆ ಹೇಳಿದರೆ ಅವನು, "ನೋಡು, ರಾಣಿ ಮಾಡೀನಿ ನಿನ್ನ," ಅನ್ನುತ್ತಿದ್ದ. ಅವನ ಜೊತೆ ಬಡವಾಗಿ ಇರಬಹುದಿತ್ತು, ಬೇಜಾರಾಗಿ ಇರಲು ಆಗುತ್ತಿರಲಿಲ್ಲ.

ಆಮೇಲೆ ಬಸುರಾದಳು.

ಝುಂಬರಳ ತಾಯಿ ಸರ್ಜಾಬಾಯಿ ಹಿಂದಿನ ಸಾಲಿನಲ್ಲೇ ಇದ್ದಳು. ಸೂಲಗಿತ್ತಿ. ಆ ಸಾಲುಗಳಲ್ಲಿ ಓಡಾಡುವ ಮಕ್ಕಳೆಲ್ಲ ಅವಳ ಕೈಯಲ್ಲಿ ಭೂಮಿಗೆ ಬಿದ್ದವರು. ನಾಯ್ಕನ ಮೊಮ್ಮಕ್ಕಳೂ ಅಷ್ಟೆ. ಗಟ್ಟಿ ಬಾಯಿ, ಗಟ್ಟಿ ಕೈ. ತಂತಿಯ ಕಾಲದಲ್ಲಿ ಹವಾಲ್ದಾರನ ಹೆಂಡತಿಗೂ ಇವಳೇ ಬಾಣಂತನ ಮಾಡಿದ್ದಳು. ಆದರೆ ಜಾತಿಗೆ ಅಂಜುತ್ತಿದ್ದಳು. ಇನ್ನಿಬ್ಬರು ಗಂಡುಮಕ್ಕಳ ಮದುವೆ ಆಗಬೇಕಿತ್ತು. ಬಹಿಷ್ಕಾರವಾದ ಮರುದಿನದಿಂದ ಮಗಳು ಎದುರು ಬಂದರೆ ಸೆರಗು ಮುಖಕ್ಕೆ ಎಳೆದುಕೊಂಡು ಹೋಗುವಳು. ಒಂದು ಸಲವೂ ನಿಲ್ಲಲಿಲ್ಲ.

ಮೊದಲ ಹೆರಿಗೆ ತಾಯಿಯ ಕೈಯಲ್ಲಿ. ಇದು ಎಲ್ಲ ಕಡೆಯೂ ಇರುವ ಮಾತು. ಇವರಲ್ಲಿ ಇನ್ನೂ ಬಿಗಿ. ಬೇರೆ ಜಾತಿಯ ಸೂಲಗಿತ್ತಿ ಸೆಟ್ಲಮೆಂಟಿಗೆ ಕಾಲಿಡುತ್ತಿರಲಿಲ್ಲ. ದವಾಖಾನೆಗೆ ಹೋಗಬಹುದಿತ್ತು, ಲಿಂಬಾಜಿ ಅದನ್ನೇ ಅನ್ನುತ್ತಿದ್ದ. ಅಲ್ಲಿ ಬಾಗಿಲಲ್ಲೇ ಹೆಸರು ಬರೆದುಕೊಳ್ಳುತ್ತಾರೆ. ಹೆಸರು ಬರೆದುಕೊಂಡವರು ಆಮೇಲೆ ಏನು ಮಾಡುತ್ತಾರೆ ಅನ್ನುವುದು ಝುಂಬರಳ ಜನಕ್ಕೆ ಗೊತ್ತಿತ್ತು. ಹುಟ್ಟುವ ಕೂಸನ್ನು ಬರೆಸಲು ಅವಳಿಗೆ ಮನಸ್ಸಿರಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ. ಹಡೆದ ಆಯಿ ಬರಬೇಕು.

ಏಳು ತುಂಬಿದ ಮೇಲೆ ಒಂದು ದಿನ ನಲ್ಲಿಯ ಹತ್ತಿರ ತಾಯಿ ಸಿಕ್ಕಳು. ಝುಂಬರ ಕೊಡ ಕೆಳಗಿಟ್ಟು ದಾರಿಗೆ ಅಡ್ಡ ನಿಂತಳು. ಹೊಟ್ಟೆ ಮುಂದೆ. ಸರ್ಜಾಬಾಯಿ ಸೆರಗಿನ ಒಳಗಿನಿಂದ ಹೊಟ್ಟೆಯನ್ನು ನೋಡಿದಳು. ಮುಖ ನೋಡಲಿಲ್ಲ. ಸುತ್ತು ಹಾಕಿ ಹೋದಳು. ಆ ದಿನ ಝುಂಬರ ಮನೆಗೆ ಬಂದು ರೊಟ್ಟಿ ಬಡಿಯಲಿಲ್ಲ.

ಲಿಂಬಾಜಿ ಗಿರಣಿಯಿಂದ ಬಂದ. ಒಲೆ ತಣ್ಣಗಿತ್ತು. ಟ್ರಂಕಿನಿಂದ ಆಟದ ಹಾಳೆಗಳನ್ನು ತೆಗೆದ. ಒಲೆಯ ಮುಂದೆ ಕೂತ.

"ಬೆಂಕಿಪೆಟ್ಟಿಗಿ ಕೊಡು," ಅಂದ.

"ಯಾಕ?"

"ಸುಡ್ತೀನಿ. ಚಪ್ಪಲಿ ಹೊತಗೊಂಡ ಹೋಗ್ತೀನಿ. ನಿನ್ನ ಆಯಿ ಬರ್ಲಿ."

"ಸುಟ್ಟ ಮ್ಯಾಲ ಏನು ಮಾಡ್ತಿ?"

"ಏನ ಮಾಡೂದು? ಗಿರಣಿಗೆ ಹೋಗ್ತೀನಿ, ಬರ್ತೀನಿ, ಉಣ್ತೀನಿ."

ಝುಂಬರ ಅವನ ಮುಖ ನೋಡಿದಳು. ಆ ಮುಖವನ್ನು ಇಟ್ಟುಕೊಂಡು ಬಾಳುವೆ ಮಾಡುವುದು ಹೇಗೆ ಅಂತ ಅನ್ನಿಸಿತು.

"ಬ್ಯಾಡ," ಅಂದಳು. "ಈ ಮಾರಿ ನೋಡಿಕೋತ ಕುಂದ್ರಾಕ ನನಗಾಗಂಗಿಲ್ಲ. ಟ್ರಂಕಿನ್ಯಾಗ ಇಡು. ಹಿಟ್ಟು ಕಲಸತೀನಿ."

"ಮತ್ತ ನಿನ್ನ ಆಯಿ?"

"ನನ್ನ ಆಯಿ ನನ್ನ ಚಿಂತಿ."

ಹಾಗೆ ಅಂದಳು. ದಾರಿ ಏನೂ ತಿಳಿದಿರಲಿಲ್ಲ.

ಶಿಮಗಿ ಬಂತು. ಈ ಸಲ ಬಣ್ಣ ಹಚ್ಚಿಯೇ ಆಡುತ್ತೇನೆ ಅಂದ ಲಿಂಬಾಜಿ. ಜಾತಿಯವರು ಯಾರೂ ಜೊತೆಗೆ ಬರುವ ಹಾಗಿಲ್ಲ. ಗಿರಣಿಯ ಗೆಳೆಯರು ಇಬ್ಬರು ಒಪ್ಪಿದರು. ತೆಲುಗು ನೇಕಾರ ನರಸಯ್ಯ ಹವಾಲ್ದಾರ, ಬಾಬಾಲಾಲ ಹಲಗಿ ಬಡಿಯುವವನು, ಅವನೇ ನಾಯ್ಕನ ಮಾತನ್ನೂ ಆಡುತ್ತಾನೆ. ಲಿಂಬಾಜಿ ಕೈದಿ. ಜಾಗ ಹಾಜರಿ ಬಯಲು. ಗಿರಣಿಗೆ ರಜೆ ಇದ್ದ ದಿನ ಮಧ್ಯಾಹ್ನ ಇಟ್ಟುಕೊಂಡರು.

ಬೆಳಿಗ್ಗೆ ನರಸಯ್ಯನ ತಮ್ಮ ಓಡಿ ಬಂದ. ಅಣ್ಣನಿಗೆ ಚಳಿಜ್ವರ, ಹಾಸಿಗೆಯಿಂದ ಏಳುತ್ತಿಲ್ಲ ಅಂದ. ಖಾಕಿ ಕೋಟು, ಟೋಪಿ ಕೊಟ್ಟು ಹೋದ.

ಲಿಂಬಾಜಿ ಕೋಟನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತ. "ಆಟ ಇಲ್ಲ," ಅಂದ.

"ಹವಾಲ್ದಾರನ ಮಾತು ನನಗ ಬರ್ತಾವು," ಅಂದಳು ಝುಂಬರ.

ಬರದೆ ಏನು. ಅವನು ಬರೆಯುವಾಗ ಗಟ್ಟಿಯಾಗಿ ಹೇಳಿಕೊಂಡೇ ಬರೆಯುವವನು. ಮದುವೆಯಾದಾಗಿನಿಂದ ಅವಳು ರೊಟ್ಟಿ ಬಡಿಯುತ್ತಾ ಅದನ್ನೇ ಕೇಳಿದ್ದಳು.

"ಹುಚ್ಚಿ. ದಿನ ತುಂಬ್ಯಾವು ನಿನಗ."

"ಹವಾಲ್ದಾರಗೂ ತುಂಬಿದ್ದವು. ನರಸಯ್ಯಗ ತಲಿದಿಂಬು ಕಟ್ಟಬೇಕಿತ್ತು. ನನಗ ಅದೂ ಬ್ಯಾಡ."

ಬಾಬಾಲಾಲ ಬಾಗಿಲಲ್ಲಿ ನಿಂತು ನಕ್ಕ. "ಭಾಬಿ, ಕೋಟಿನ ಗುಂಡಿ ಹತ್ತಂಗಿಲ್ಲ."

"ಆ ಹವಾಲ್ದಾರಂದೂ ಹತ್ತುತಿದ್ದಿಲ್ಲ," ಅಂದಳು.

ನಿಜ. ಹತ್ತುತ್ತಿರಲಿಲ್ಲ.

ದೀಪದ ಮಸಿ ತೆಗೆದು ಲಿಂಬಾಜಿಯೇ ಅವಳಿಗೆ ಮೀಸೆ ಬರೆದ. ಎರಡೂ ತುದಿ ಕೆನ್ನೆಯವರೆಗೆ ತಿರುವಿದ. ಅವಳಿಗೆ ಕಚಗುಳಿಯಾಗಿ ನಗು ಬಂತು, ಒಂದು ಕಡೆ ಮೀಸೆ ಸೊಟ್ಟಾಯಿತು. ಹಾಗೇ ಬಿಟ್ಟರು.

ಬಯಲು ತುಂಬಿತ್ತು. ಮಾತಾಡಬಾರದು ಅಂದಿದ್ದರು ಪಂಚರು, ನೋಡಬಾರದು ಅಂದಿರಲಿಲ್ಲ. ಹರಬಾ ನಾಯ್ಕ ಮುಂದೆಯೇ ಕಂಬಳಿ ಹಾಸಿಕೊಂಡು ಕೂತಿದ್ದ. ಯಾರಾದರೂ ಬೋಳು ಮುಖದಲ್ಲಿ ಬಾಯಿ ಬಿಡುತ್ತಾರೇನೋ ನೋಡಲು ಬಂದಿದ್ದ. ಹೆಂಗಸರು ಹಿಂದೆ. ಅವರ ನಡುವೆ ಸರ್ಜಾಬಾಯಿ.

ಹವಾಲ್ದಾರ ಹೊಟ್ಟೆ ಮುಂದೆ ಮಾಡಿ, ಬೆನ್ನಿಗೆ ಕೈ ಕೊಟ್ಟು ಬಂದ. ಜನ ಮೊದಲು ಗುರುತು ಹಿಡಿಯಲು ಕತ್ತು ಚಾಚಿದರು. ಆಮೇಲೆ ನಗು ಎದ್ದಿತು ನೋಡಿ, ಬಾಬಾಲಾಲನ ಹಲಗಿ ಕೇಳಲಿಲ್ಲ. ಬೆನ್ನಿಗೆ ಕೈ ಕೊಟ್ಟು, ಕಾಲು ಅಗಲಿಸಿ, ಉಸಿರು ಬಿಡುತ್ತಾ ಆ ಹವಾಲ್ದಾರ ಹೀಗೇ ನಡೆಯುತ್ತಿದ್ದ. ಬಸುರಿಗೆ ಬೇರೆ ನಡಿಗೆ ಎಲ್ಲಿಂದ ಬರಬೇಕು. ಮುದುಕರು ಕಣ್ಣೊರೆಸಿಕೊಂಡು ನಕ್ಕರು. ನಾಯ್ಕ ಕೂಡ ಮೀಸೆಯಡಿ ನಕ್ಕ.

ಆಟ ನಡೆಯಿತು. ಹಾಜರಿಯ ಭಾಗ ಬಂತು. ಹವಾಲ್ದಾರ ಹೆಸರು ಕೂಗಬೇಕು. ಲಿಂಬಾಜಿ ಒಬ್ಬನೇ ಓಡಾಡಿ ಬೇರೆ ಬೇರೆ ದನಿಯಲ್ಲಿ "ಹಾಜರ" ಅನ್ನಬೇಕು. ಇದು ಚೆನ್ನಾಗಿತ್ತು. ನಾಲ್ಕು ಹೆಸರು ಆಯಿತು.

ಐದನೆಯದಕ್ಕೆ ಝುಂಬರ ನಿಂತಳು. ಬೆನ್ನಿನಲ್ಲಿ ಏನೋ ಬಿಗಿಯಿತು, ಹಗ್ಗ ಹಾಕಿ ಜಗ್ಗಿದ ಹಾಗೆ. ಉಸಿರು ಸಿಕ್ಕಿಕೊಂಡಿತು. ಬೆಳಿಗ್ಗೆಯಿಂದ ಬಂದು ಹೋಗಿ ಮಾಡುತ್ತಿತ್ತು, ಗಾಳಿ ನೋವು ಅಂದುಕೊಂಡಿದ್ದಳು. ಇದು ಗಾಳಿಯಲ್ಲ. ಲಿಂಬಾಜಿ ಬರೆದ ಹೆಸರು ಮರೆತುಹೋಯಿತು. ಬಾಯಿಗೆ ಬಂದ ಹೆಸರನ್ನು, ತಂತಿಯ ಕಾಲದ ಹಾಜರಿಯಲ್ಲಿ ಕೂಗುತ್ತಿದ್ದ ಹಾಗೇ, ಕೂಗಿದಳು.

"ಸರ್ಜಾ, ಯಲ್ಲೂ ಹೆಂಡ್ತಿ."

ಹಿಂದೆ ಹೆಂಗಸರ ನಡುವೆ ಸರ್ಜಾಬಾಯಿ ಎದ್ದು ನಿಂತಳು.

"ಹಾಜರ," ಅಂದಳು.

ಅವಳು ಯೋಚಿಸಿ ಎದ್ದದ್ದಲ್ಲ. ಹುಟ್ಟಿದಾಗಿನಿಂದ ಹಾಜರಿಗೆ ಎದ್ದಿದ್ದಳು, ಕಾಲು ತಾನೇ ಎದ್ದಿತು. ಎದ್ದ ಮೇಲೆ ತಿಳಿಯಿತು. ಬಯಲಿನಲ್ಲಿದ್ದವರೆಲ್ಲ ಹಿಂದೆ ತಿರುಗಿದರು. ವರ್ಷವಾಗುತ್ತ ಬಂದಿತ್ತು ತಾಯಿಯ ದನಿ ಮಗಳಿಗೆ ಮುಟ್ಟಿ.

ಸರ್ಜಾಬಾಯಿ ಕೂರಬಹುದಿತ್ತು. ಕೂರಲಿಲ್ಲ. ಸೆರಗು ಹಿಂದೆ ಸರಿಸಿದಳು. ಹವಾಲ್ದಾರನನ್ನು ಮೇಲಿಂದ ಕೆಳಗೆ ನೋಡಿದಳು.

"ಹವಾಲ್ದಾರ, ಹೊಟ್ಟಿ ಭಾಳ ಕೆಳಗ ಇಳದೈತಲ್ಲೋ," ಅಂದಳು. "ಯಾರ ಮನಿ ಕೋಳಿ ತಿಂದಿ?"

ಜನ ಹೋ ಅಂದರು.

ಝುಂಬರ ಲಿಂಬಾಜಿಯ ಕಡೆ ನೋಡಿದಳು. ಅವನು ಕೈದಿಯ ಟೋಪಿ ಹಿಡಿದು ಬಾಯಿ ತೆರೆದು ನಿಂತಿದ್ದ. ಅವನಿಂದ ಮಾತು ಸಿಗುವ ಹಾಗಿರಲಿಲ್ಲ.

"ನಿಮ್ಮ ಮನೀದಂತೂ ಅಲ್ಲ," ಅಂದಳು. "ನಿಮ್ಮ ಮನ್ಯಾಗ ನೀರ ಕುಡದು ವರ್ಷಾತು."

"ನೀರು ಕೇಳಿದ್ರ ಕೊಡ್ತಿದ್ದೆ."

"ಕೇಳಿದ್ದೆ. ನಲ್ಲಿ ಮುಂದ ಅಡ್ಡ ನಿಂತು ಕೇಳಿದ್ದೆ. ಸುತ್ತಹಾಕಿ ಹೋದಿ."

ಸರ್ಜಾಬಾಯಿ ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿದಳು.

"ಹೋದೆ," ಅಂದಳು. "ಹವಾಲ್ದಾರಗ ಅಂಜದವರು ಯಾರದಾರ. ನನಗೂ ಗಂಡುಮಕ್ಳು ಅದಾವು." ಆಮೇಲೆ ದನಿ ಬದಲಿಸಿದಳು. "ಅದಿರ್ಲಿ. ಬೆನ್ನಿಗೆ ಕೈ ಯಾಕ ಕೊಟ್ಟಿ? ನೋವು ಹಿಂದಿಂದ ಮುಂದ ಬರ್ತೈತೋ, ಮುಂದಿಂದ ಹಿಂದೋ?"

"ಹಿಂದಿಂದ ಮುಂದ."

"ಬಂದು ನಿಂದರತೈತೋ, ಹೋಗ್ತೈತೋ?"

"ಹೋಗ್ತೈತಿ. ಮತ್ತ ಬರ್ತೈತಿ."

ಗಂಡಸರು ಇನ್ನೂ ನಗುತ್ತಿದ್ದರು. ಹೆಂಗಸರ ನಗು ನಿಂತಿತ್ತು. ಒಬ್ಬರ ಮುಖ ಒಬ್ಬರು ನೋಡಿದರು.

ಹರಬಾ ನಾಯ್ಕ ತಿರುಗಿ ಕೂತ. "ಸರ್ಜಾಬಾಯಿ, ಯಾರ ಕೂಡ ಮಾತಾಡಾಕತ್ತಿ?"

"ಹವಾಲ್ದಾರನ ಕೂಡ, ಹರಬಾ ದಾದಾ. ಕಾಣಂಗಿಲ್ಲೇನು? ಮೀಸಿ ಐತಿ."

"ಅದು ನಿನ್ನ..."

"ನನ್ನ ಏನು? ಬಣ್ಣದವರಿಗೆ ಜಾತಿ ಇಲ್ಲಂದಾಂವ ನೀನು. ಲಿಂಬಾಗ ಮಸಿ ಕೇಳಿದಾಂವ ನೀನು. ಈಗ ಮಸಿ ಕಣ್ಣಿಗೆ ಕಾಣವಲ್ದೇನು?"

ನಾಯ್ಕ ಮತ್ತೆ ಮುಂದಕ್ಕೆ ತಿರುಗಿ ಕೂತ. ಅವನ ಮಾತೇ ಅದು.

ಸರ್ಜಾಬಾಯಿ ಕೂತವರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಅವರಿವರ ಕೈ ತುಳಿದಳು. ಲಿಂಬಾಜಿ ಹೆಂಡತಿಯನ್ನು ಹಿಡಿಯಲು ಬಂದ.

"ಕೈದಿ, ನೀ ದೂರ ನಿಂದ್ರು," ಅಂದಳು. "ಇದು ನಿನ್ನ ಕೆಲಸಾ ಅಲ್ಲ. ನಿನ್ನ ಕೆಲಸಾ ನೀ ಆಗಲೇ ಮುಗಿಸೀದಿ." ಹೆಂಗಸರು ಕಿಸಕ್ಕೆಂದರು. ಹವಾಲ್ದಾರನ ರಟ್ಟೆ ಹಿಡಿದು ಜನರ ಕಡೆ ತಿರುಗಿದಳು. "ಇಷ್ಟು ವರ್ಷ ಇವರು ನಮ್ಮನ್ನ ಹಿಡಕೊಂಡ ಹೋದ್ರು. ಇವತ್ತ ನಾ ಹವಾಲ್ದಾರನ್ನ ಹಿಡಕೊಂಡ ಹೊಂಟೀನಿ. ಯಾರರ ತಡೀತಿರೇನು?"

ಯಾರು ತಡೆಯುತ್ತಾರೆ. ಎದ್ದು ದಾರಿ ಬಿಟ್ಟರು. ಬಾಬಾಲಾಲ ಹಲಗಿ ಬಡಿದ. ಆಟ ಮುಗಿಯಿತು ಅಂದುಕೊಂಡವರು ಇದ್ದರು. ಇದೇ ಆಟ ಅಂದುಕೊಂಡವರೂ ಇದ್ದರು.

ಸರ್ಜಾಬಾಯಿ ಅವಳನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಕೋಟು ಬಿಚ್ಚಿಸಿದಳು, ಟೋಪಿ ತೆಗೆದಳು. ನೀರು ಕಾಯಲು ಇಟ್ಟಳು. ಝುಂಬರ ಬೆವರು ಒರೆಸಿಕೊಳ್ಳಲು ಮುಖಕ್ಕೆ ಸೆರಗು ತಂದಳು.

"ಏ, ಮೀಸಿ ಒರಸಬ್ಯಾಡ," ಅಂದಳು ತಾಯಿ, ಕೈ ಹಿಡಿದು. "ಅದು ಹೋತಂದ್ರ ನಾ ನಿನ್ನ ಕೂಡ ಮಾತಾಡಾಕ ಬರೂದಿಲ್ಲ."

"ಆಯಿ, ಸಾಯ್ತೀನಿ."

"ಹವಾಲ್ದಾರ ಸಾಯೂದಿಲ್ಲ. ನಾ ಎಷ್ಟ ಶಾಪಾ ಹಾಕೀನಿ, ಒಬ್ಬನೂ ಸತ್ತಿಲ್ಲ. ಗೋಡಿ ಹಿಡಕೊಂಡು ನಡಿ. ಮಲಗಬ್ಯಾಡ."

ನಡೆದಳು. ಕೂತಳು. ಮತ್ತೆ ನಡೆದಳು. ತಾಯಿಯ ಕೈ ಬೆನ್ನಿನ ಮೇಲೆ ಇತ್ತು. ವರ್ಷದಿಂದ ಮುಟ್ಟದ ಕೈ. ಝುಂಬರ ನೋವಿಗೆ ಅತ್ತಳೋ ಆ ಕೈಗೆ ಅತ್ತಳೋ, ಅವಳಿಗೂ ಗೊತ್ತಿಲ್ಲ. ಹೊರಗೆ ಲಿಂಬಾಜಿ ಕೈದಿಯ ವೇಷದಲ್ಲೇ ಕಟ್ಟೆಯ ಮೇಲೆ ಕೂತಿದ್ದ.

ಹೊತ್ತು ಮುಳುಗುವ ಮೊದಲು ಕೂಸು ಬಿತ್ತು. ಹೆಣ್ಣು. ಸರ್ಜಾಬಾಯಿ ತೊಳೆದು ಬಟ್ಟೆ ಸುತ್ತಿ ಝುಂಬರಳ ಪಕ್ಕ ಇಟ್ಟಳು. ಮೀಸೆ ಬೆವರಿಗೆ ಇಳಿದು ಗಡ್ಡವಾಗಿತ್ತು. ಕೂಸು ಕಣ್ಣು ಬಿಟ್ಟು ಮೊದಲು ನೋಡಿದ್ದು ಅದನ್ನೇ. ಅಳು ನಿಲ್ಲಿಸಿತು.

"ನೋಡು," ಅಂದಳು ಅಜ್ಜಿ. "ಹವಾಲ್ದಾರಗ ಇದೂ ಅಂಜತೈತಿ."

ಮರುದಿನ ಬೆಳಿಗ್ಗೆ ಬಾಣಂತಿಗೆ ಎರೆದಳು. ಮಸಿ ಹೋಯಿತು. ಎರೆದು ಒರೆಸಿ, ಧೂಪ ಹಾಕಿ, ಕಾಡಿಗೆ ಡಬ್ಬಿ ತಂದು ಎದುರು ಕೂತಳು. ಬಾಯಿ ಮುಚ್ಚಿಕೊಂಡೇ ಮೀಸೆ ಬರೆದಳು. ಬರೆದಾದ ಮೇಲೆ ಬಾಯಿ ಬಿಟ್ಟಳು.

"ಹಾಲು ಬಂತೇನು, ಹವಾಲ್ದಾರ?"

ದಿನವೂ ಹೀಗೆ. ಸುದ್ದಿ ಸಾಲಿನಿಂದ ಸಾಲಿಗೆ ಹೋಯಿತು. ಹೆಂಗಸರು ಮೊದಲು ಬಾಗಿಲಲ್ಲಿ ಇಣುಕಿದರು. ಮೀಸೆ ಇದೆಯೋ ನೋಡಿ ಒಳಗೆ ಬಂದರು. ಒಬ್ಬಳು ಅಳವಿ ಉಂಡೆ ತಂದಳು, ಒಬ್ಬಳು ಖಾರೀಕ, ಒಣ ಖರ್ಜೂರ. "ಹವಾಲ್ದಾರಗ ತಿನಸು," ಅಂತ ಸರ್ಜಾಬಾಯಿಯ ಕೈಗೆ ಕೊಟ್ಟರು. ಕೂತು ವರ್ಷದ ಮಾತೆಲ್ಲ ಆಡಿದರು. ಯಾರ ಮದುವೆ ಆಯಿತು, ಯಾರ ಸೊಸೆ ತವರಿಗೆ ಹೋದಳು. ಝುಂಬರ ಮೀಸೆಯ ಕೆಳಗೆ ಉಂಡೆ ತಿನ್ನುತ್ತಾ ಕೇಳಿದಳು. ಇಷ್ಟು ಸುಖ ಅವಳು ಯಾವತ್ತೂ ಪಟ್ಟಿರಲಿಲ್ಲ.

ಗಂಡಸರಿಗೂ ಹತ್ತಿತು. ಲಿಂಬಾಜಿ ಹಣೆಗೆ ಒಂದು ಗೆರೆ ಮಸಿ ಎಳೆದುಕೊಂಡು ಗಿರಣಿಗೆ ಹೋಗತೊಡಗಿದ. ದಾರಿಯಲ್ಲಿ ಹಳೆಯ ಗೆಳೆಯರು, "ಏನ್ ಕೈದಿ, ಕೂಸು ಹೆಂಗೈತಿ?" ಅನ್ನುತ್ತಿದ್ದರು.

ಪಂಚರು ಒಂದು ಸಲ ಕೂತರಂತೆ. ಬಹಿಷ್ಕಾರ ಮುರಿಯಿತೋ ಇಲ್ಲವೋ ಅಂತ ಮಾತಾಯಿತಂತೆ. ಹಡೆದದ್ದು ಹವಾಲ್ದಾರ, ಬಹಿಷ್ಕಾರ ಝುಂಬರಳ ಮೇಲೆ. ಹವಾಲ್ದಾರನ ಮೇಲೆ ಬಹಿಷ್ಕಾರ ಹಾಕುವ ಅಧಿಕಾರ ಪಂಚರಿಗೆ ಇಲ್ಲ ಅಂದ ಒಬ್ಬ. ನಗಬಾರದು ಅಂತ ಎಲ್ಲರೂ ತಂಬಾಕು ತಿಕ್ಕುತ್ತಾ ಕೂತರಂತೆ. ಏನೂ ತೀರ್ಮಾನ ಆಗದೆ ಎದ್ದರು.

ಅದಾದ ಮೇಲೆ ಹರಬಾ ನಾಯ್ಕ ಲಿಂಬಾಜಿಯ ಮನೆಗೆ ಬಂದ. ಅವನ ಎರಡೂ ಕೆನ್ನೆಗೆ ಗುಲಾಲು. ಶಿಮಗಿ ಆಗಲೇ ಮುಗಿದಿತ್ತು. ಹೊಸ್ತಿಲ ಹೊರಗೆ ಕೋಲು ಊರಿ ನಿಂತ.

"ಆಟದ ಮಾತು ಆಡಾಕ ಬಂದೀನಿ," ಅಂದ.

"ಆಡು, ಮಾಮಾ," ಅಂದ ಲಿಂಬಾಜಿ.

"ನಿನ್ನ ಆಟದಾಗ ಹವಾಲ್ದಾರಗ ಹಾಡೈತಿ. ಕೈದಿಗೆ ಹಾಡೈತಿ. ನಾಯ್ಕಗ ಒಂದೂ ಇಲ್ಲ. ಬಂದು ಕಣ್ಣೊರಸಿ ಬೈಸಕೊಂಡ ಹೋಗ್ತಾನ. ನಾ ತಂತಿ ಒಳಗ ಇದ್ದಾಗ ಹವಾಲ್ದಾರನ ಕೈಯಾಗ ಹೊಡತ ತಿಂದಾಂವ. ಅದನ್ನ ಯಾರು ಹೇಳಬೇಕು?"

ಲಿಂಬಾಜಿ ಹೊಸ್ತಿಲಿಗೆ ಬಂದು ನಿಂತ.

"ಆ ಮಾತು ನಾ ಬರದಿಲ್ಲ, ಮಾಮಾ," ಅಂದ. "ಬರೀಬೇಕಿತ್ತು."

"ಬರಿ ಹಂಗಾರ. ಬೈಯೂದು ತಗೀಬ್ಯಾಡ. ಹಾಡು ಸೇರಸು." ಹೋಗುತ್ತಾ ಗುಲಾಲು ಒರೆಸಿಕೊಂಡ.

ಲಿಂಬಾಜಿ ಸೇರಿಸಿದ. ಆಟದಲ್ಲಿ ಜನ ಅಳುವ ಜಾಗ ಅದೊಂದೇ.

ಹನ್ನೆರಡನೆಯ ದಿನ ಕೂಸಿನ ಬಾರಸಿ. ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಸರ್ಜಾಬಾಯಿ ಮಗಳಿಗೆ ಎರೆದಳು. ಹಸಿರು ಸೀರೆ ಉಡಿಸಿದಳು. ಕಾಡಿಗೆ ಡಬ್ಬಿ ತೆಗೆದು ಎದುರು ಕೂತಳು. ಬೆರಳಿಗೆ ಕಾಡಿಗೆ ತೆಗೆದುಕೊಂಡಳು. ಝುಂಬರ ಮುಖ ಮುಂದೆ ಮಾಡಿದಳು.

ಸರ್ಜಾಬಾಯಿ ಹಾಗೇ ಕೂತಳು. ಆಮೇಲೆ ಆ ಬೆರಳಿನಿಂದ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಉಳಿದದ್ದನ್ನು ತನ್ನ ಕೂದಲಿಗೆ ಒರೆಸಿದಳು. ಡಬ್ಬಿ ಮುಚ್ಚಿದಳು.

ಝುಂಬರ ಮುಚ್ಚಿದ ಡಬ್ಬಿಯನ್ನೇ ನೋಡಿದಳು. ಮೀಸೆ ಇಲ್ಲದಿದ್ದರೆ ತಾಯಿ ಇಲ್ಲ. ಕಾದಳು.

ಹೊರಗೆ ಹೆಂಗಸರು ಬಂದರು. ಬಾಗಿಲಲ್ಲಿ ನಿಂತರು. ಬೋಳು ಮುಖ ಕಂಡಿತು. ಒಳಗೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಎದುರು ಕಟ್ಟೆಯ ಮೇಲೆ ಹರಬಾ ನಾಯ್ಕ ಕೂತಿದ್ದ. ಅಲ್ಲಿಗೆ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು.

ಸರ್ಜಾಬಾಯಿ ತೊಟ್ಟಿಲ ಹಗ್ಗ ಹಿಡಿದು ನಿಂತಳು. ಸೆರಗು ತಲೆಯ ಮೇಲೆ, ಮುಖ ಬಯಲು.

"ಝುಂಬರ," ಅಂದಳು, ಓಣಿಗೆಲ್ಲ ಕೇಳುವ ಹಾಗೆ. "ಕೂಸಿನ ತಗೊಂಡ ಬಾರ ಮಗಳ. ಹೊತ್ತಾತು."

ಝುಂಬರ ಕೂಸನ್ನು ಎತ್ತಿಕೊಂಡಳು. ತೊಟ್ಟಿಲವರೆಗೆ ಹೋದಳು.

ಬಾಗಿಲಲ್ಲಿದ್ದವರು ನಾಯ್ಕನ ಕಡೆ ತಿರುಗಿ ನೋಡಿದರು. ನಾಯ್ಕ ತಂಬಾಕಿನ ಚೀಲ ಬಿಚ್ಚಿ ಅದರ ಒಳಗೆ ಏನೋ ಹುಡುಕುತ್ತಿದ್ದ. ಬಹಳ ಹೊತ್ತು ಹುಡುಕಿದ. ಮೊದಲು ಒಬ್ಬ ಮುದುಕಿ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಹಾಡು ಯಾರು ಹೇಳವ್ರು? ಎಲ್ಲಾರೂ ಬಾಗಲದಾಗ ನಿಂತ್ರ?" ಅಂದಳು. ಉಳಿದವರು ಅವಳ ಹಿಂದೆ ಬಂದರು.

ಹಾಡಿದರು, ಹೆಸರಿಟ್ಟರು. ಝುಂಬರ ತನ್ನ ಕೈಯಿಂದಲೇ ಎಲ್ಲರಿಗೂ ಘುಗರಿ ಹಂಚಿದಳು. ಕಡಲೆ ಚೆನ್ನಾಗಿ ಬೆಂದಿತ್ತು. ಎಲ್ಲರೂ ತಿಂದರು. ಒಂದು ಬಟ್ಟಲು ತುಂಬಿ ಬಟ್ಟೆ ಮುಚ್ಚಿ ನಾಯ್ಕನ ಮನೆಗೂ ಕಳಿಸಿದಳು. ಕಳಿಸಬೇಡ, ತಿರುಗಿ ಬರುತ್ತದೆ ಅಂದ ಲಿಂಬಾಜಿ.

ಬಟ್ಟಲು ಸಂಜೆಗೆ ತಿರುಗಿ ಬಂತು. ಖಾಲಿ, ತೊಳೆದು.